ನೀರು ನೋಡಿ ಅಲ್ಲ, ನೆಲ ನೋಡಿ

ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಒಂದು ರೀಲ್ ತೋರಿಸಿದ. ಎಲ್ಲೋ ಫಾರಿನ್ನಿನ ಸರೋವರ, ದಂಡೆ ಮೇಲೆ ಬಿಳಿ ಕ್ಯಾರವಾನ್, ಹೊರಗೆ ಎರಡು ಕುರ್ಚಿ, ಕೈಯಲ್ಲಿ ಕಾಫಿ. "ನಮ್ಮ ಕಡೆ ಇಂಥಾವು ಯಾವಾಗ ಬರ್ತಾವೋ?" ಅಂದ. "ಬಂದು ಭಾಳ ವರ್ಷ ಆತು. ಬನದ ಹುಣ್ಣಿವಿಗೆ ಸವದತ್ತಿಗೆ ಬಾ, ತೋರಿಸ್ತೀನಿ" ಅಂದೆ.

ತಮಾಷೆಗೆ ಹೇಳಿದ್ದಲ್ಲ. ಯಲ್ಲಮ್ಮನಗುಡ್ಡಕ್ಕೆ ಬರುವ ಟ್ರ್ಯಾಕ್ಟರ್‌ಗಳನ್ನು ಒಮ್ಮೆ ನೋಡಿ. ಟ್ರೇಲರ್ ಮೇಲೆ ತಾಡಪತ್ರಿ, ಒಳಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ. ರೊಟ್ಟಿ ಗಂಟು, ನೀರಿನ ಕೊಡ, ಒಲೆಗೆ ಕಟ್ಟಿಗೆ, ಆಯಿಯಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಇಡೀ ಮನೆತನ. ಮೊದಲು ಇದೇ ಕೆಲಸ ಚಕ್ಕಡಿ ಮಾಡ್ತಿತ್ತು. ಮಹಾರಾಷ್ಟ್ರದಿಂದ ಬರುವವರೂ ಇದ್ದಾರೆ. ಮನೆಯನ್ನೇ ಗಾಲಿ ಮೇಲೆ ಹಾಕಿಕೊಂಡು ಹೋಗುವುದಕ್ಕೆ ಕ್ಯಾರವಾನ್ ಅನ್ನುವುದಾದರೆ, ಇದೂ ಕ್ಯಾರವಾನೇ.

ಹಾಗಾದರೆ ಇವರು ರಾತ್ರಿ ವಸ್ತಿ ಮಾಡುವ ಜಾಗ ಹೇಗಿರಬೇಕು? ಇದನ್ನು ನಾನು ತಪ್ಪು ಮಾಡಿಯೇ ಕಲಿತೆ.

ನಮ್ಮದು ಬೈಲಹೊಂಗಲ ಕಡೆ ಹಳ್ಳಿ. ಎರಡು ವರ್ಷದ ಹಿಂದೆ ದೇವಿ ದರ್ಶನ ಮುಗಿಸಿ ಬರುವಾಗ ರೇಣುಕಾಸಾಗರದ ಹಿನ್ನೀರಿನ ಹತ್ತಿರ ಒಂದು ರಾತ್ರಿ ಇರೋಣ ಅಂತ ಹಟ ಹಿಡಿದವನು ನಾನು. ಜಾಗ ಆರಿಸಿದವನೂ ನಾನೇ. ನೀರಿಗೆ ಹತ್ತಿರ, ಸಪಾಟು, ಹಸಿರು ಹುಲ್ಲು. ಫೋಟೋ ಏನೋ ಮಸ್ತ್ ಬಂದವು. ರಾತ್ರಿ ಮಾತ್ರ ಮಸ್ತ್ ಇರಲಿಲ್ಲ. ನೀರಿನ ಮೇಲಿಂದ ಗಾಳಿ ಬೀಸಿ ಒಲೆ ಹತ್ತಲಿಲ್ಲ. ಸುತ್ತ ಒಂದು ಮರೆ ಇಲ್ಲ ಅಂತ ಆಯಿ ಸಂಜೆಯಿಂದಲೇ ನೀರು ಕುಡಿಯೋದು ಬಿಟ್ಟಿದ್ದಳು. ಅದು ನನಗೆ ಮರುದಿನ ಗೊತ್ತಾಯ್ತು. ಬೆಳಿಗ್ಗೆ ಚಿಗವ್ವನ ನಾಲ್ಕು ವರ್ಷದ ಮಗ ಎಲ್ಲರಿಗಿಂತ ಮೊದಲು ಎದ್ದು ನೀರಿನ ಕಡೆ ಹೋಗಿ ಮೊಣಕಾಲ ಮಟ ರಾಡಿಯಲ್ಲಿ ಸಿಕ್ಕಿಬಿದ್ದ. ಅವನು ಅತ್ತಿದ್ದು ಕಾಕಾಗೆ ಕೇಳಿಸಿತು, ಓಡಿಹೋಗಿ ಎತ್ತಿದ. ಕೇಳಿಸದಿದ್ದರೆ? ಅದನ್ನು ನಾನು ಇವತ್ತಿಗೂ ಪೂರ್ತಿ ಯೋಚನೆ ಮಾಡಲ್ಲ. ಆಮೇಲೆ ನೋಡಿದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿಯೂ ಹೂತಿತ್ತು. ಕಾಕಾ ಬೈಯಲಿಲ್ಲ. "ನೀರ ನೋಡಿ ಜಾಗಾ ಹಿಡೀಬಾರದೋ ತಮ್ಮಾ, ನೆಲಾ ನೋಡಿ ಹಿಡೀಬೇಕು" ಅಂದ, ಅಷ್ಟೇ.

ಈ ವರ್ಷ ಸರ್ವೆ ಲ್ಯಾಬ್‌ನಲ್ಲಿ ಲೆವೆಲ್ ತೆಗೆಯುವಾಗ ಕಾಕಾನ ಮಾತು ಅರ್ಥ ಆಯ್ತು. ರೇಣುಕಾಸಾಗರ ಅಂದರೆ ಮಲಪ್ರಭಾ ನದಿಗೆ ನವಿಲುತೀರ್ಥದಲ್ಲಿ ಕಟ್ಟಿದ ಜಲಾಶಯ. ಪೂರ್ತಿ ತುಂಬಿದಾಗ ಸುಮಾರು 37.73 ಟಿಎಂಸಿ ನೀರು, ಮಟ್ಟ 2079.50 ಅಡಿ. ಮಳೆಗಾಲದಲ್ಲಿ ತುಂಬಿದ ನೀರು ಕಾಲುವೆಗೆ, ಕುಡಿಯುವುದಕ್ಕೆ ಹೋಗ್ತಾ ಹೋಗ್ತಾ ಬೇಸಿಗೆ ಹೊತ್ತಿಗೆ ಕೆಳಗಿಳಿಯುತ್ತದೆ. ದಂಡೆಯ ಇಳಿಜಾರು ನೂರಕ್ಕೆ ಒಂದು ಇದ್ದರೆ, ನೀರು ಒಂದೇ ಅಡಿ ಇಳಿದರೂ ನೂರು ಅಡಿ ನೆಲ ಹೊರಗೆ ಬೀಳುತ್ತದೆ. ಅಂದರೆ ನಾನು ಆರಿಸಿದ ಆ ಸಪಾಟು ಹಸಿರು ಜಾಗ ದಂಡೆಯೇ ಅಲ್ಲ, ಜಲಾಶಯದ ತಳ. ಮೇಲೆ ಹುಲ್ಲು, ಕೆಳಗೆ ಹೂಳು.

ಹಾಗಾಗಿ ಮೊದಲ ನಿಯಮ: ತುಂಬಿದ ಮಟ್ಟದ ಗೆರೆಗಿಂತ ಮೇಲೆ ಇರಬೇಕು. ಆ ಗೆರೆ ಹುಡುಕಲು ಉಪಕರಣ ಬೇಡ, ಗಟ್ಟಿ ಗಿಡಮರ ಎಲ್ಲಿಂದ ಶುರುವಾಗುತ್ತವೆ ನೋಡಿದರೆ ಅಂದಾಜು ಸಿಗುತ್ತದೆ. ಎರಡನೆಯದು, ಎರಿ ಭೂಮಿ ಬೇಡ. ಒಂದು ಅಕಾಲಿಕ ಮಳೆ ಬಿದ್ದರೆ ಗಾಲಿ ಏಳಲ್ಲ. ಗರಸು, ಕಲ್ಲು ನೆಲ ಒಳ್ಳೆಯದು. ಮೂರನೆಯದು, ಅಣೆಕಟ್ಟಿನ ಕೆಳಗೆ ನದಿ ಪಾತ್ರದಲ್ಲಿ ಯಾವತ್ತೂ ಬೇಡ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ರಾಮದುರ್ಗಕ್ಕೆ ನುಗ್ಗಿದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ನಾಲ್ಕನೆಯದು, ನೀರಿಗೂ ಮಕ್ಕಳು ಮಲಗುವ ಜಾಗಕ್ಕೂ ನಡುವೆ ಅಂತರ, ಸಾಧ್ಯವಾದರೆ ಒಂದು ಬೇಲಿ. ನೀರು ಕಾಣಬೇಕು, ಕಾಲಿಗೆ ಸಿಗಬಾರದು.

ಇದು ನಾವು ನೋಡಿಕೊಳ್ಳಬೇಕಾದದ್ದು. ಆದರೆ ಪ್ರತಿ ಕುಟುಂಬವೂ ಕತ್ತಲಾಗುವ ಹೊತ್ತಿಗೆ ಜಾಗ ಹುಡುಕಿಕೊಂಡು ತಿರುಗಬೇಕಾ? 2024ರಲ್ಲಿ ಕೇಂದ್ರ ಸರ್ಕಾರ ಯಲ್ಲಮ್ಮನಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಇಂಥ ದುಡ್ಡು ಬಂದಾಗ ಕಮಾನು, ಕಾರಂಜಿ, ಸೆಲ್ಫಿ ಪಾಯಿಂಟ್ ಎಲ್ಲ ನೆನಪಾಗುತ್ತವೆ. ನನ್ನ ಅಭಿಪ್ರಾಯ, ಗುಡ್ಡದ ಅಭಿವೃದ್ಧಿ ಅಂದಾಗಲೆಲ್ಲ ವಸ್ತಿ ಮೈದಾನ ಪಟ್ಟಿಯ ಮೇಲೆ ಇರಬೇಕು. ಅದರಲ್ಲೊಂದು ಜಲಾಶಯ ಕಾಣುವ ಎತ್ತರದ ಜಾಗದಲ್ಲಿ ಆಗಬೇಕು.

ಅದರ ಡಿಸೈನ್‌ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಮೆರಿಕದ ಕ್ಯಾರವಾನ್ ಮೈದಾನಗಳಲ್ಲಿ ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ನೇರ ಹೊರಗೆ ಹೋಗುವ ಸಾಲುಗಳಿರುತ್ತವೆ, ಹಿಂದೆ ಬಂಡಿ ಕಟ್ಟಿದವರು ರಿವರ್ಸ್ ತೆಗೆಯೋದು ಕಷ್ಟ ಅಂತ. ಟ್ರೇಲರ್ ಹಚ್ಚಿದ ಟ್ರ್ಯಾಕ್ಟರನ್ನು ಕತ್ತಲಲ್ಲಿ ರಿವರ್ಸ್ ತೆಗೆದವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಗಾಡಿಯ ಹೊಲಸು ನೀರು ಬಿಡಲು ಬೇರೆ ಜಾಗವೂ ಇರುತ್ತದೆ. ನಮಗೂ ಅದು ಬೇಕು, ಯಾಕಂದರೆ ಹುಬ್ಬಳ್ಳಿ-ಧಾರವಾಡದವರು ಕುಡಿಯುವುದು ಇದೇ ರೇಣುಕಾಸಾಗರದ ನೀರು. ಇನ್ನು ಬೇಕಾದದ್ದು ನಲ್ಲಿ, ದೀಪ, ಗಾಳಿ ತಡೆಯುವ ಬೇವಿನ ಸಾಲು, ಒಲೆ ಹಚ್ಚಲು ಕಟ್ಟೆ. ಮತ್ತೆ ಎಲ್ಲಕ್ಕಿಂತ ಮೊದಲು, ಬೆಳಕಿರುವ ದಾರಿಯಲ್ಲಿ ಹೆಣ್ಣುಮಕ್ಕಳ ಶೌಚಾಲಯ.

"ಜಾತ್ರೆ ಇರೋದೇ ನಾಲ್ಕು ದಿನ, ಉಳಿದ ದಿನ ಆ ಮೈದಾನ ಖಾಲಿ ಬೀಳ್ತದೆ" ಅನ್ನಬಹುದು. ಆದರೆ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಜನ ಬರುತ್ತಲೇ ಇರುತ್ತಾರೆ. ಖಾಲಿ ಇದ್ದಾಗ ಆ ರೀಲಿನ ಬಿಳಿ ಕ್ಯಾರವಾನೂ ಬಂದು ನಿಲ್ಲಲಿ, ಅದಕ್ಕೆ ಬಾಡಿಗೆ ತಗೊಳ್ಳಲಿ. ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆ ಅಂತ ಒಂದು ನೀತಿ ತಂದಿತು. ನಾವೂ ತರೋಣ, ಬೇಡ ಅನ್ನಲ್ಲ. ಆದರೆ ಕ್ಯಾರವಾನ್‌ಗೆ ಜಾಗ ಮಾಡಲು ಟ್ರ್ಯಾಕ್ಟರನ್ನು ರಸ್ತೆ ಬದಿಗೆ ತಳ್ಳಿದರೆ ಅದು ಅಭಿವೃದ್ಧಿ ಅಲ್ಲ.

ಜಾಗ ಸರಿ ಇದೆಯೋ ಇಲ್ಲವೋ ಅಂತ ನೋಡಲು ನನ್ನ ಹತ್ತಿರ ಈಗ ಒಂದೇ ಟೆಸ್ಟ್ ಇದೆ. ಅಲ್ಲಿ ನಮ್ಮ ಆಯಿ ರಾತ್ರಿ ಊಟ ಆದಮೇಲೆ ಒಂದು ತಂಬಿಗೆ ನೀರು ಹೆದರಿಕೆಯಿಲ್ಲದೆ ಕುಡಿದು ಮಲಗಬೇಕು. ಮುಂದಿನ ಬನದ ಹುಣ್ಣಿಮೆಗೆ ರೂಮ್‌ಮೇಟ್ ಬರ್ತೀನಿ ಅಂದಿದ್ದಾನೆ. ಜಾಗ ಈ ಸಲ ಕಾಕಾನೇ ಆರಿಸ್ತಾನೆ.