ಹಳೇ ರೇಸ್ ಕಾರು ಸಿರಿವಂತರಿಗೆ ಮಾತ್ರವೇ?



ಕಳೆದ ವರ್ಷ ನಮ್ಮ ಒಂಬತ್ತನೇ ತರಗತಿ ಮಕ್ಕಳೊಂದಿಗೆ ತಾಳವಾಡಿಯಿಂದ ಕೊಯಮತ್ತೂರಿಗೆ ಪ್ರವಾಸ ಹೋಗಿದ್ದೆವು. ದಿಂಬಂ ಘಾಟಿಯ 27 ತಿರುವು ಇಳಿಯುವಷ್ಟರಲ್ಲಿ ಅರ್ಧ ಮಕ್ಕಳು ವಾಂತಿ ಮಾಡಿ ಸುಸ್ತು! ಆದರೆ ಅವಿನಾಶಿ ರಸ್ತೆಯ ಜೀಡೀ ಕಾರ್ ಮ್ಯೂಸಿಯಂಗೆ ಕಾಲಿಟ್ಟದ್ದೇ ತಡ, ಎಲ್ಲರಿಗೂ ಜೀವ ಬಂತು. ಒಬ್ಬ ಹುಡುಗ ಕೇಳಿದ: "ಸಾರ್, ಇಂಥ ಹಳೇ ಕಾರನ್ನ ಈಗ್ಲೂ ರೇಸಿಗೆ ಬಿಡ್ತಾರಾ? ನಮ್ಮಂಥೋರು ತಗೋಬೇಕು ಅಂದ್ರೆ ಎಷ್ಟಾಗುತ್ತೆ?"

ಬಿಡ್ತಾರೆ. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ 1998ರಲ್ಲಿ ಶುರುವಾದ ಹಳೇ ಕಾರುಗಳ ರೇಸು ಇಂದಿಗೂ ನಡೆಯುತ್ತಿದೆ. ಬೆಲೆಯ ಮಾತು ಬೇರೆ. ಫೆರಾರಿ 250 ಜಿಟಿಓ ಕಾರು 1962ರಿಂದ 1964ರ ನಡುವೆ ತಯಾರಾದದ್ದು ಬರೀ 36. ಅದರಲ್ಲೊಂದು 2018ರಲ್ಲಿ ಅಮೆರಿಕದ ಮಾಂಟೆರೇ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಅಂದಿನ ಲೆಕ್ಕದಲ್ಲಿ ಸುಮಾರು 340 ಕೋಟಿ ರೂಪಾಯಿ! ಅಷ್ಟು ಕೊಟ್ಟವನು ಅದನ್ನು ತಿರುವಿನಲ್ಲಿ ಇನ್ನೊಂದು ಕಾರಿಗೆ ಉಜ್ಜಲು ಮನಸ್ಸು ಮಾಡುವನೇ? ಓಡಲೆಂದೇ ಹುಟ್ಟಿದ ಯಂತ್ರ ಬ್ಯಾಂಕಿನ ಲಾಕರಿನ ಚಿನ್ನದಂತಾಗುತ್ತದೆ.

ಹಾಗೆಂದು ಎಲ್ಲವೂ ಸಿರಿವಂತರ ಆಟವಲ್ಲ. ಇಂಗ್ಲೆಂಡಿನಲ್ಲೇ 1967ರಲ್ಲಿ ಫಾರ್ಮುಲಾ ಫೋರ್ಡ್ ಶುರುವಾದಾಗ ಕಾರಿನ ಬೆಲೆ 1000 ಪೌಂಡ್ ಮೀರಬಾರದು ಎಂದು ಕಟ್ಟುಮಾಡಿದ್ದರು. ಎಂಜಿನ್ ಸಾಮಾನ್ಯ ಫೋರ್ಡ್ ಕಾರಿನದು. ಸಾವಿರಾರು ಕಾರುಗಳು ತಯಾರಾದ್ದರಿಂದ ಇಂದಿಗೂ ಅವು ಸಿಗುತ್ತವೆ. 2010ರ ಹೊತ್ತಿಗೆ ಫೋರ್ಡ್ ಕಂಪನಿ ಆ ಎಂಜಿನ್ನಿನ ಬ್ಲಾಕನ್ನು ಮತ್ತೆ ಹೊಸದಾಗಿ ಮಾಡಿಸಿತು. ಹಾಗಾಗಿ ಹಳೇ ಕಾರಿನ ರೇಸಿಗೆ ಕಡಿಮೆ ಖರ್ಚಿನ ಬಾಗಿಲು ಅದೇ ಆಗಿ ಉಳಿದಿದೆ. ಕಾರು ಅಗ್ಗವಾಗಿ ಉಳಿದದ್ದು ಅದೃಷ್ಟದಿಂದಲ್ಲ, ನಿಯಮದಿಂದ.

ನಮ್ಮ ಕೊಯಮತ್ತೂರಿನಲ್ಲೂ ಇಂಥದ್ದೇ ಕೆಲಸ ನಡೆದಿತ್ತು. 1980ರ ದಶಕದ ಕೊನೆಯಲ್ಲಿ ಎಸ್. ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ ಹಾಕಿ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ಹುಡುಗನಾಗಿದ್ದಾಗ ಓಡಿಸಿದ್ದು ಈ ಫಾರ್ಮುಲಾ ಮಾರುತಿ ಕಾರನ್ನೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮಾರುತಿ 800ರ ತಯಾರಿಕೆಯೂ 2014ರಲ್ಲಿ ನಿಂತಿತು.

ನಮ್ಮ ಮಾತು ಇಷ್ಟೇ. ಆ ಕಾರುಗಳೂ ಈಗ ಹಳೆಯವೇ. ಅವಕ್ಕೊಂದು ರೇಸು ಬೇಕು. ಖರ್ಚಿಗೆ ಮಿತಿ ಬೇಕು. ಮಾರುತಿಯ ಬಿಡಿಭಾಗ ಇಂದು ಗುಜರಿಯಲ್ಲಾದರೂ ಹುಡುಕಿದರೆ ಸಿಗುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ ಅಪರೂಪವಾದ ಮೇಲೆ ಅದನ್ನೂ ಹರಾಜಿನವರೇ ಕೊಂಡೊಯ್ಯುತ್ತಾರೆ. "ಬೆಲೆ ಏರಿದರೇನೇ ಜನ ಜೋಪಾನ ಮಾಡೋದು" ಅನ್ನುವವರಿದ್ದಾರೆ. ನಿಜ, ಬೆಲೆಯಿಲ್ಲದ ಎಷ್ಟೋ ಕಾರು ತುಕ್ಕು ಹಿಡಿದು ಹೋದವು. ಆದರೆ ಲಾಕರಿನಲ್ಲಿಟ್ಟರೆ ಕಾರು ಉಳಿದೀತು, ಅದನ್ನು ಬಿಚ್ಚಿ ಜೋಡಿಸುವ ಕೈ ಉಳಿಯದು.

ಆ ಕೈಗಳು ನಮ್ಮ ಮಕ್ಕಳವೂ ಆಗಬಹುದು. ಹತ್ತನೇ ತರಗತಿ ಮುಗಿಸಿ ಐಟಿಐ ಸೇರಿ ಕೊಯಮತ್ತೂರಿನ ಲೇತ್ ಮುಂದೆ ನಿಲ್ಲುವ ನಮ್ಮ ಹುಡುಗರು ಎಷ್ಟಿಲ್ಲ! ಆ ಹುಡುಗನಿಗೆ ನಾವು ಹೇಳಿದ್ದೂ ಅದನ್ನೇ: "ತಗೊಳ್ಳೋದು ಆಮೇಲೆ ನೋಡೋಣ ಕಣೋ, ಮೊದಲು ರಿಪೇರಿ ಕಲಿ."

ನೀವೇನಂತೀರಿ?