ಜಾಲರಿ ಮೊದಲು, ಯಂತ್ರ ಆಮೇಲೆ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಹೋಟೆಲ್ ನಡೆಸುವ ನಮ್ಮವರು ಅಡುಗೆಮನೆಗೆ ಕೊಡುವ ಗಮನದ ಕಾಲು ಭಾಗವನ್ನೂ ಅದರ ಹಿಂದಿನ ಮೋರಿಗೆ ಕೊಡುವುದಿಲ್ಲ. ಮಳೆಗಾಲದಲ್ಲಿ ಚೇಂಬರ್ ಉಕ್ಕಿ, ಗಿರಾಕಿಗಳು ಮೂಗು ಮುಚ್ಚಿಕೊಂಡಾಗಲೇ ಪ್ಲಂಬರ್ ನೆನಪಾಗುವುದು.

ನಮ್ಮ ಪಾತ್ರೆ ತೊಳೆದ ನೀರಿನಲ್ಲಿ ಮೂರು ಬಗೆಯ ವಸ್ತುಗಳಿರುತ್ತವೆ. ಅನ್ನದ ಅಗುಳು, ಕರಿಬೇವು, ತರಕಾರಿ ಚೂರು ಜಾಲರಿಗೆ ಸಿಗುತ್ತವೆ. ಎಣ್ಣೆ ತುಪ್ಪ ಮೇಲೆ ತೇಲುತ್ತವೆ. ತೊಂದರೆ ಕೊಡುವುದು ಮೂರನೆಯದು: ಗಂಜಿಯ ಹಿಟ್ಟು ಮತ್ತು ಗ್ರೈಂಡರ್ ತೊಳೆದ ಬಿಳಿ ನೀರು. ಇಡ್ಲಿಯನ್ನು ಹಗುರ ಮಾಡುವ ಉದ್ದಿನ ಲೋಳೆಯೇ ಇಲ್ಲಿ ಹಿಟ್ಟನ್ನು ತಳ ಸೇರಲು ಬಿಡದೆ ಹಿಡಿದಿಡುತ್ತದೆ. ಅದು ಪೈಪಿನುದ್ದಕ್ಕೂ ಹೋಗಿ, ಜಿಡ್ಡಿನ ಜೊತೆ ಸೇರಿ, ನಿಂತಲ್ಲಿ ಹುಳಿತು ಕೊಳೆಯುತ್ತದೆ. ಹಿಂದೆ ಮನೆಗಳಲ್ಲಿ ಒರಳು ತೊಳೆದ ನೀರನ್ನು ಹಿಟ್ಟಿಗೇ ಸೇರಿಸುತ್ತಿದ್ದರು. ಗ್ರೈಂಡರನ್ನು ಚೆನ್ನಾಗಿ ಬಳಿದು, ಮೊದಲ ತೊಳೆತದ ಸ್ವಲ್ಪ ನೀರನ್ನು ಆಗಲೇ ಹಿಟ್ಟಿಗೆ ಹಾಕುವುದು ಹೋಟೆಲಿನಲ್ಲೂ ಕಷ್ಟವಲ್ಲ.

ಆದ್ದರಿಂದ ಸಿಂಕಿನ ಕೆಳಗೆ ಕೂರಿಸಿ ಎಂಜಲನ್ನು ನುಣ್ಣಗೆ ಅರೆದು ಮೋರಿಗೆ ಬಿಡುವ ಯಂತ್ರಕ್ಕೆ ನನ್ನ ವಿರೋಧವಿದೆ. ಕೈಯಿಂದ ಎತ್ತಬಹುದಾದುದನ್ನು ಯಾವ ಜಾಲರಿಗೂ ಸಿಗದಂತೆ ಮಾಡಲು ದುಡ್ಡು ಕೊಡುವುದೇಕೆ? ಪ್ಲೇಟನ್ನು ನೀರು ಮುಟ್ಟಿಸುವ ಮೊದಲೇ ಬಳಿಯಬೇಕು. ತೂತುಗಳಿರುವ ಡಬ್ಬದಲ್ಲಿ ಎಂಜಲನ್ನು ಸೋಸಲು ಬಿಟ್ಟರೆ ಗೊಬ್ಬರಕ್ಕೆ ಕಳಿಸುವ ತೂಕವೂ ಇಳಿಯುತ್ತದೆ. ಸೋಸಿದ ನೀರು ಮಾತ್ರ ಗ್ರೀಸ್ ಟ್ರ್ಯಾಪಿಗೆ ಹೋಗಲಿ. ಆ ಟ್ರ್ಯಾಪ್ ಚಿಕ್ಕದಾದರೆ ಬಿಸಿನೀರು ಜಿಡ್ಡನ್ನು ಕರಗಿಸಿಕೊಂಡೇ ದಾಟಿಬಿಡುತ್ತದೆ. ಜಿಡ್ಡು ಮುಂದೆ ಬೀದಿಯ ಪೈಪಿನಲ್ಲಿ ಗಟ್ಟಿಯಾಗುತ್ತದೆ. ಮೇಲಿನ ಜಿಡ್ಡು, ತಳದ ಕೆಸರು ಎರಡೂ ಸೇರಿ ಆಳದ ಕಾಲು ಭಾಗ ಮುಟ್ಟಿದೊಡನೆ ಖಾಲಿ ಮಾಡಿಸಬೇಕು.

ಇದು ಬರೀ ವಾಸನೆಯ ಮಾತಲ್ಲ. ತಡೆಯದೆ ಬಿಟ್ಟ ಕಸವೆಲ್ಲ ಕೊನೆಗೆ ಯಾವುದೋ ಗುಂಡಿಯ ತಳದಲ್ಲಿ ಕೆಸರಾಗುತ್ತದೆ, ಕೊಳೆತು ವಿಷಗಾಳಿ ಬಿಡುತ್ತದೆ. 2019ರ ಜೂನ್‌ನಲ್ಲಿ ವಡೋದರಾ ಜಿಲ್ಲೆಯ ಡಭೋಯಿ ಬಳಿಯ ಫರ್ತಿಕುಯಿಯಲ್ಲಿ ಒಂದು ಹೋಟೆಲಿನ ಗುಂಡಿ ಶುಚಿ ಮಾಡುವಾಗ ಏಳು ಜನ ಸತ್ತರು. ನಾಲ್ವರು ಶುಚಿ ಮಾಡಲು ಬಂದವರು, ಮೂವರು ಅದೇ ಹೋಟೆಲಿನ ನೌಕರರು. ಇಳಿದವನು ಮೇಲೆ ಬರಲಿಲ್ಲ, ಕಾಪಾಡಲು ಹೋದವರೂ ಬರಲಿಲ್ಲ. ನಮ್ಮಲ್ಲೂ "ಸ್ವಲ್ಪ ಇಳಿದು ನೋಡಪ್ಪ" ಎಂದು ಕ್ಲೀನರ್ ಹುಡುಗನಿಗೆ ಹೇಳುವವರು ಇದ್ದಾರೆ. ರಕ್ಷಣಾ ಸಾಧನಗಳಿಲ್ಲದೆ ಮೋರಿಗೆ, ಸೆಪ್ಟಿಕ್ ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಮೋರಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಆ ಹುಡುಗ ಊರಿನಿಂದ ನಮ್ಮನ್ನು ನಂಬಿ ಬಂದವನು. ಅವನ ಮನೆಯವರಿಗೆ ಫೋನ್ ಮಾಡಬೇಕಾದವರೂ ನಾವೇ.

ಸಣ್ಣ ಹೋಟೆಲಿಗೆ ಹೀರುವ ಟ್ಯಾಂಕರ್ ದುಬಾರಿ ಎಂಬ ದೂರಿನಲ್ಲಿ ಹುರುಳಿದೆ. ಸಂಘದ ಮುಂದಿನ ಸಭೆಯಲ್ಲಿ ಊರಿಗೊಬ್ಬ ಟ್ಯಾಂಕರಿನವರನ್ನು ಗೊತ್ತುಮಾಡಿ, ಎಲ್ಲರ ಪರವಾಗಿ ವರ್ಷದ ದರ ಮಾತಾಡೋಣ. ಹತ್ತು ಹೋಟೆಲುಗಳು ಒಂದೇ ದಿನ ಖಾಲಿ ಮಾಡಿಸುವುದಾದರೆ ದರ ಇಳಿಸಲು ಕೇಳಬಹುದು. ಜಾಲರಿಗೆ ಮಾತ್ರ ಸಭೆ ಬೇಕಿಲ್ಲ, ನಾಳೆಯೇ ಹಾಕಿಸಬಹುದು.