ಫ್ಯೋರ್ಡಿನ ಹೊಗೆ ಎಲ್ಲಿಗೆ ಹೋಗಬೇಕು?

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ಹಿಮನದಿ ಕೊರೆದ ಕಣಿವೆ, ಅದರೊಳಗೆ ನುಗ್ಗಿ ನಿಂತ ಸಮುದ್ರ, ಇದೇ ಫ್ಯೋರ್ಡ್ ಎಂದು ಪ್ರತಿ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬಿಡಿಸುತ್ತಿದ್ದೆ. ಎರಡು ವರ್ಷದ ಹಿಂದೆ ಬೆರ್ಗೆನ್‌ನಲ್ಲಿರುವ ಮಗಳ ಮನೆಗೆ ಹೋದಾಗ, ನಾರ್ವೆಯ ಅತಿ ಉದ್ದದ ಸೋಗ್ನೆ ಫ್ಯೋರ್ಡನ್ನು ಕಣ್ಣಾರೆ ಕಂಡೆ.

ಉದ್ದ 205 ಕಿಲೋಮೀಟರ್. ಅತಿ ಆಳದ ಜಾಗದಲ್ಲಿ ನೀರು 1,308 ಮೀಟರ್. ಆದರೆ ಸಮುದ್ರ ಸೇರುವ ಬಾಯಲ್ಲಿ ಆಳ 200 ಮೀಟರ್ ಕೂಡ ಇಲ್ಲ. ಒಳನಾಡಿನ ಕಣಿವೆಗಳಿಂದ ಇಳಿದ ಹಿಮನದಿಗಳೆಲ್ಲ ಒಂದಾಗಿ, ಇಕ್ಕಟ್ಟಿನಲ್ಲಿ ಸಾಗುತ್ತಾ ನೆಲವನ್ನು ಆಳಕ್ಕೆ ಕೊರೆದವು. ಕರಾವಳಿಗೆ ಬಂದಾಗ ಜಾಗ ವಿಶಾಲವಾಯಿತು, ಹಿಮ ಹರಡಿಕೊಂಡಿತು, ಕೊರೆಯುವ ಶಕ್ತಿ ಕುಂದಿತು. ಅಲ್ಲಿ ಉಳಿದ ಬಂಡೆ ಮನೆಬಾಗಿಲಿನ ಹೊಸ್ತಿಲಿನ ಹಾಗೆ ನಿಂತಿದೆ. ಅದರ ಹಿಂದಿನ ತಳದ ನೀರು ಹೊರಗಿನ ಕಡಲಿನೊಂದಿಗೆ ಸುಲಭವಾಗಿ ಬೆರೆಯುವುದಿಲ್ಲ.

ನೀರಿಗೆ ಹೊಸ್ತಿಲಿದ್ದರೆ ಗಾಳಿಗೆ ಗೋಡೆ. ಸೋಗ್ನೆಯ ಕವಲಾದ ನೇರೋಯ್ ಫ್ಯೋರ್ಡ್ ಒಂದು ಕಡೆ ಬರೀ 250 ಮೀಟರ್ ಅಗಲ, ನಮ್ಮ ಜೋಗವನ್ನು ಅಡ್ಡಡ್ಡ ಮಲಗಿಸಿದರೆ ಎಷ್ಟೋ ಅಷ್ಟು. ಎರಡೂ ಬದಿಗೆ ಸಾವಿರ ಮೀಟರ್ ಮೀರಿದ ಬೆಟ್ಟ. ಪಕ್ಕದ ಔರ್ಲಾಂಡ್ ಕವಲಿನ ತುದಿಯಲ್ಲಿ ಫ್ಲೋಮ್ ಎಂಬ, ಕೆಲವೇ ನೂರು ಜನರ ಊರು. ಆ ಬೆಳಿಗ್ಗೆ ಅಲ್ಲಿನ ಕಟ್ಟೆಗೆ ಒಂದು ಪ್ರವಾಸಿ ಹಡಗು ಬಂದು ನಿಂತಿತ್ತು. ಊರಿನ ಯಾವ ಕಟ್ಟಡವೂ ಅದರ ಎತ್ತರಕ್ಕೆ ಬರುತ್ತಿರಲಿಲ್ಲ. ದೀಪಕ್ಕೆ, ಅಡುಗೆಗೆ ಕರೆಂಟು ಬೇಕಲ್ಲ, ನಿಂತಲ್ಲೇ ಎಂಜಿನ್ ಓಡುತ್ತಿತ್ತು. ಕೊಳವೆಯಿಂದ ಎದ್ದ ಹೊಗೆ ಸ್ವಲ್ಪ ಮೇಲೇರಿ, ಅಲ್ಲಿಂದಾಚೆ ಹೋಗಲಾರದೆ, ಬೆಟ್ಟದಿಂದ ಬೆಟ್ಟಕ್ಕೆ ಹಗ್ಗ ಕಟ್ಟಿ ಒಣಹಾಕಿದ ಕಂದು ಪಂಚೆಯಂತೆ ಹರಡಿಕೊಂಡಿತು. ಗಾಳಿಯಿಲ್ಲದ ದಿನ ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು ಮುಚ್ಚಳ ಹಾಕಿದಂತೆ ಕೂರುತ್ತದೆ. "ಗಾಳಿ ಬೀಸೋವರೆಗೂ ಹೀಗೇ ಅಮ್ಮ" ಎಂದಳು ಮಗಳು. ಮಧ್ಯಾಹ್ನ ನಾವು ಹೊರಡುವಾಗಲೂ ಅದು ಕದಲಿರಲಿಲ್ಲ.

ನೇರೋಯ್ ಫ್ಯೋರ್ಡ್ 2005ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಇಂಥ ಫ್ಯೋರ್ಡುಗಳಲ್ಲಿ 2026ರೊಳಗೆ ಪ್ರವಾಸಿ ಹಡಗುಗಳ ಹೊಗೆ ಪೂರ್ತಿ ನಿಲ್ಲಬೇಕೆಂದು ನಾರ್ವೆಯ ಸಂಸತ್ತು 2018ರಲ್ಲಿ ನಿರ್ಣಯಿಸಿತು. ಸೊಗಸಾದ ನಿರ್ಣಯ. ಆಮೇಲೆ ಸರ್ಕಾರ ಅದನ್ನು ಎರಡು ಭಾಗ ಮಾಡಿತು: ಹತ್ತು ಸಾವಿರ ಟನ್ನಿಗಿಂತ ಚಿಕ್ಕ ಹಡಗುಗಳಿಗೆ 2026, ದೊಡ್ಡವಕ್ಕೆ 2032. ಹೆಚ್ಚು ಹೊಗೆ ಬಿಡುವವರಿಗೇ ಹೆಚ್ಚು ಕಾಲಾವಕಾಶ! ಇದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ದೊಡ್ಡ ಹಡಗಿಗೆ ತಕ್ಕ ತಂತ್ರಜ್ಞಾನ ಇನ್ನೂ ಕೈಗೆ ಬಂದಿಲ್ಲ, ಹಡಗು ಬರದಿದ್ದರೆ ಊರಿನ ಅಂಗಡಿಗಳಿಗೆ ವ್ಯಾಪಾರವಿಲ್ಲ ಎನ್ನುತ್ತಾರೆ. ವ್ಯಾಪಾರದ ಚಿಂತೆ ನನಗೆ ಅರ್ಥವಾಗುತ್ತದೆ. ಅಷ್ಟು ಚಿಕ್ಕ ಊರಿಗೆ ಪ್ರವಾಸಿಗರೇ ಅನ್ನ. ಆದರೆ ಅನ್ನ ಕೊಡುವವನು ಪ್ರವಾಸಿ, ಅವನು ಕೂತ ಹಡಗಲ್ಲ.

ತಂತ್ರಜ್ಞಾನದ ಮಾತಿಗೆ ಇದೇ ಸೋಗ್ನೆ ಫ್ಯೋರ್ಡ್ ಉತ್ತರ ಕೊಟ್ಟಾಗಿದೆ. ಕಾರುಗಳನ್ನೂ ಜನರನ್ನೂ ದಾಟಿಸುವ ಆಂಪೇರ್ ಎಂಬ ಬ್ಯಾಟರಿ ಫೆರಿ ಲಾವಿಕ್ ಮತ್ತು ಓಪೆದಾಲ್ ನಡುವೆ ಓಡಾಟ ಶುರು ಮಾಡಿದ್ದು 2015ರಲ್ಲಿ. ಒಂದು ಸಲ ದಾಟಲು ಸುಮಾರು ಇಪ್ಪತ್ತು ನಿಮಿಷ. ಕಾರುಗಳು ಇಳಿದು ಹತ್ತುವಷ್ಟರಲ್ಲಿ ದಡದಲ್ಲೇ ಚಾರ್ಜ್. ಫ್ಲೋಮ್‌ನಿಂದ ಗುದ್ವಾಂಗೆನ್‌ಗೆ 2018ರಿಂದ ನಾನೂರು ಜನರ ಬ್ಯಾಟರಿ ಹಡಗಿದೆ. ನಾವೂ ಅದರಲ್ಲೇ ಹೋದೆವು. ಇಕ್ಕಟ್ಟಾದ ಜಾಗ ಬಂದಾಗ ಒಂದೊಂದು ಜಲಪಾತದ ಸದ್ದೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತಿತ್ತು.

ಹಾಗಾಗಿ ದೊಡ್ಡ ಹಡಗುಗಳು ಬೆರ್ಗೆನ್‌ನಲ್ಲೇ ನಿಲ್ಲಲಿ. ಅಲ್ಲಿನ ಬಂದರಿನಲ್ಲಿ ನಿಂತ ಹಡಗಿಗೆ ದಡದಿಂದಲೇ ಕರೆಂಟು ಕೊಡುವ ವ್ಯವಸ್ಥೆ ಇದೆ. ಜನ ರೈಲು ಹತ್ತಿ ಮಿರ್ದಾಲ್‌ಗೆ ಬಂದು, ಅಲ್ಲಿಂದ ಇಪ್ಪತ್ತು ಕಿಲೋಮೀಟರಿನ ಫ್ಲೋಮ್ ರೈಲಿನಲ್ಲಿ ಬೆಟ್ಟ ಇಳಿದು, ಕಟ್ಟೆಯಲ್ಲಿ ಕಾದಿರುವ ಬ್ಯಾಟರಿ ಹಡಗು ಹತ್ತಬಹುದು. ನಾನೂ ನನ್ನ ಮಗಳೂ ಹೋದದ್ದು ಅದೇ ದಾರಿಯಲ್ಲಿ, ಒಂದೇ ದಿನದಲ್ಲಿ. 2032ರವರೆಗೆ ಕಾಯಲು ಕಾರಣವೇ ಇಲ್ಲ.